ದಾಳಿ ಮಾಡಿದವರೆಲ್ಲ ದಾಳಿಕೋರರಲ್ಲ

ಲೋಕಾಯುಕ್ತದ ಅಧಿಕಾರಿಗಳು ಬೆಳಗಿನ ಜಾವ ಒಬ್ಬ ಎಂಜಿನಿಯರ್ ಮನೆಯ ಬಾಗಿಲು ತಟ್ಟುತ್ತಾರೆ. ಮರುದಿನದ ಪತ್ರಿಕೆಯಲ್ಲಿ ‘ಲೋಕಾಯುಕ್ತ ದಾಳಿ’ ಎಂದು ದಪ್ಪಕ್ಷರದಲ್ಲಿ ಬರುತ್ತದೆ. ದಾಳಿ ಮಾಡಿದವರು ಅಧಿಕಾರಿಗಳು, ಸರಿ. ಆದರೆ ಅವರನ್ನು ಯಾವ ಪತ್ರಿಕೆಯೂ ‘ದಾಳಿಕೋರರು’ ಎಂದು ಕರೆಯುವುದಿಲ್ಲ. ಆ ಸುದ್ದಿಯಲ್ಲಿ ‘ಕೋರ’ ಯಾರಿಗಾದರೂ ಅಂಟಿದರೆ ಅದು ಮನೆಯ ಯಜಮಾನನಿಗೆ: ಲಂಚಕೋರ. ದಾಳಿ ಒಬ್ಬರದು, ಕೋರತನ ಇನ್ನೊಬ್ಬರದು. ಇವತ್ತಿನ ಮಾತೆಲ್ಲ ಈ ಒಂದು ವಿಚಿತ್ರದ ಸುತ್ತ ಇದೆ. ‘ದಾಳಿಕೋರ’ ಎಂಬ ಪದದಲ್ಲಿ ಭಾರ ಇರುವುದು ಮೊದಲ ಅರ್ಧದಲ್ಲಲ್ಲ, ಎರಡನೆಯ ಅರ್ಧದಲ್ಲಿ.

ಮೊದಲು ಆ ಎರಡನೆಯ ಅರ್ಧವನ್ನೇ ಬಿಡಿಸೋಣ. ‘ಕೋರ’ ಎಂದ ಕೂಡಲೇ ಕನ್ನಡದ ಕಿವಿಗೆ ‘ಕೋರು’ ನೆನಪಾಗುತ್ತದೆ. ಶುಭ ಕೋರುತ್ತೇವೆ, ಕ್ಷಮೆ ಕೋರುತ್ತೇವೆ, ಚುನಾವಣೆ ಬಂದರೆ ಮತ ಕೋರುತ್ತಾರೆ. ಹಾಗಾಗಿ ದಾಳಿಕೋರ ಎಂದರೆ ದಾಳಿಯನ್ನು ಬಯಸುವವನು ಎಂದು ಅರ್ಥ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಇದು ಪಾರಸಿಯ ‘ಖೋರ್’. ಅರ್ಥ: ತಿನ್ನುವವನು. ಉರ್ದುವಿನ ರಿಶ್ವತ್‌ಖೋರ್ ಎಂದರೆ ಲಂಚ ತಿನ್ನುವವನು, ಹರಾಮ್‌ಖೋರ್ ಎಂದರೆ ತನಗೆ ಸಲ್ಲದ್ದನ್ನು ತಿನ್ನುವವನು. ಕನ್ನಡದಲ್ಲಿ ಮಹಾಪ್ರಾಣ ಕರಗಿ ‘ಖೋರ’ ಹೋಗಿ ‘ಕೋರ’ ಉಳಿಯಿತು. ಲಂಚವನ್ನು ನಾವು ಮೊದಲಿಂದಲೂ ‘ತಿನ್ನು’ತ್ತಿದ್ದೆವಾದ್ದರಿಂದ ‘ಲಂಚಕೋರ’ ಎಂಬುದು ಹೊರಗಿನಿಂದ ಬಂದದ್ದು ಎಂದು ಯಾರಿಗೂ ಅನ್ನಿಸಲಿಲ್ಲ.

ಬಂದ ದಾರಿ ತಿಳಿಯಬೇಕೆಂದರೆ ಮರಾಠಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಅಲ್ಲಿ ಲಾಚಖೋರ, ಇಲ್ಲಿ ಲಂಚಕೋರ. ಅಲ್ಲಿ ಬಂಡಖೋರ, ಇಲ್ಲಿ ಬಂಡುಕೋರ. ಅಲ್ಲಿ ದಂಗೇಖೋರ, ಇಲ್ಲಿ ದಂಗೆಕೋರ. ಅಲ್ಲಿ ನಫೇಖೋರ, ಇಲ್ಲಿ ಲಾಭಕೋರ. ಅಲ್ಲಿ ಘುಸಖೋರ, ಇಲ್ಲಿ ನುಸುಳುಕೋರ. ಅಲ್ಲಿ ಹಲ್ಲೇಖೋರ, ಇಲ್ಲಿ ಹಲ್ಲೆಕೋರ. ಒಂದೆರಡಾದರೆ ಕಾಕತಾಳೀಯ ಎನ್ನಬಹುದಿತ್ತು. ಇಷ್ಟು ಜೋಡಿಗಳು ಸಾಲಾಗಿ ನಿಂತರೆ ಅಚ್ಚು ಒಂದೇ ಎಂದು ಒಪ್ಪಲೇಬೇಕು. ಅಚ್ಚು ಸಿಕ್ಕಮೇಲೆ ಕನ್ನಡ ಅದರಲ್ಲಿ ತನ್ನದೇ ಹಿಟ್ಟನ್ನೂ ಒತ್ತಿತು. ‘ನುಸುಳು’ ಅಪ್ಪಟ ಕನ್ನಡದ ಧಾತು, ಅದರ ಬಾಲ ಪಾರಸಿಯದು. ಎರಡೂ ಒಂದಕ್ಕೊಂದು ಬೆಸೆದು ಕೂತಿವೆ.

ಈಗ ಈ ಪಟ್ಟಿಯ ಗುಣ ನೋಡಿ. ತಂಟೆಕೋರ, ಚಾಡಿಕೋರ, ಲಾಭಕೋರ, ಲಂಚಕೋರ. ಇದರಲ್ಲಿ ಒಂದಾದರೂ ಒಳ್ಳೆಯ ಮಾತಿದೆಯೇ? ಹಾಡುಕೋರ ಇಲ್ಲ, ದಾನಕೋರ ಇಲ್ಲ. ಹಾಡುವವನು ಹಾಡುಗಾರ, ಬಳೆ ಮಾರುವವನು ಬಳೆಗಾರ. ‘ಗಾರ’ ಎಲ್ಲರಿಗೂ ಹೊಂದುತ್ತದೆ. ಮೋಸಗಾರನೂ ಅದರೊಳಗೇ ಬರುತ್ತಾನೆ. ‘ಕೋರ’ ಹಾಗಲ್ಲ. ಅದಕ್ಕೆ ಎರಡು ಶರತ್ತುಗಳಿವೆ: ಕೆಲಸ ಕೆಟ್ಟದ್ದಾಗಿರಬೇಕು, ಮತ್ತು ಅದು ಅವನ ಚಾಳಿಯಾಗಿರಬೇಕು. ಒಮ್ಮೆ ಚಾಡಿ ಹೇಳಿದ ಮಗುವನ್ನು ಚಾಡಿಕೋರ ಅನ್ನುವುದಿಲ್ಲ. ದಿನಾ ಹೇಳಿದರೆ ಅನ್ನುತ್ತೇವೆ. ಕನ್ನಡದ್ದೇ ಆದ ‘ಗುಳಿ’ ಪ್ರತ್ಯಯ ಇದಕ್ಕೆ ತೀರ ಹತ್ತಿರದ್ದು. ಮರೆಗುಳಿ ಎಂದರೆ ಒಂದು ಸಲ ಮರೆತವನಲ್ಲ, ಮರೆಯುವುದೇ ಸ್ವಭಾವವಾದವನು. ಲಂಚಗುಳಿ, ಲಂಚಕೋರ ಎರಡೂ ಒಂದೇ ಅರ್ಥದಲ್ಲಿ ಓಡಾಡುವುದಕ್ಕೆ ಇದೇ ಕಾರಣ.

ದಾಳಿಕೋರನ ವಿಷಯದಲ್ಲಿ ಮಾತ್ರ ಈ ‘ಚಾಳಿ’ ಶರತ್ತು ಸಡಿಲಗೊಂಡಿದೆ. ಜೀವನದಲ್ಲಿ ಒಂದೇ ಸಲ, ಒಂದು ಸಂಜೆ, ಕುಡಿದ ಅಮಲಿನಲ್ಲಿ ಪಕ್ಕದವನಿಗೆ ಬಾಟಲಿಯಿಂದ ಹೊಡೆದವನೂ ಸುದ್ದಿಯಲ್ಲಿ ದಾಳಿಕೋರ ಆಗುತ್ತಾನೆ. ‘ಆತ್ಮಾಹುತಿ ದಾಳಿಕೋರ’ ಎಂಬ ಪ್ರಯೋಗವನ್ನೇ ತೆಗೆದುಕೊಳ್ಳಿ. ಅದನ್ನು ಚಾಳಿ ಮಾಡಿಕೊಳ್ಳಲು ಯಾರಿಂದಲೂ ಆಗದು! ಅರ್ಥ ಸಡಿಲಗೊಂಡರೂ ಪ್ರತ್ಯಯದ ವಾಸನೆ ಹೋಗಿಲ್ಲ. ಒಂದು ಕೃತ್ಯವನ್ನು ಹೇಳಲು ಹೋಗಿ ನಾವು ಒಬ್ಬನ ಜಾತಕವನ್ನೇ ಹೇಳಿಬಿಡುತ್ತೇವೆ. ಪತ್ರಿಕೆಗೆ ಬರೆಯುವವರು, ಅನುವಾದ ಮಾಡುವವರು, ಠಾಣೆಗೆ ದೂರು ಬರೆದುಕೊಡುವವರು ಗಮನಿಸಬೇಕಾದ ಜಾಗ ಇದು.

ಇನ್ನು ಮೊದಲ ಅರ್ಧ. ‘ದಾಳಿ’ಯನ್ನು ಹಳೆಯ ಬರವಣಿಗೆಯಲ್ಲಿ ‘ಧಾಳಿ’ ಎಂದೂ ಕಾಣುತ್ತೇವೆ. ನಿಘಂಟುಕಾರರು ಇದನ್ನು ಸಂಸ್ಕೃತದ ‘ಧಾಟೀ’ ಎಂಬುದರ ತದ್ಭವವೆಂದು ಹೇಳುತ್ತಾರೆ. ಮರಾಠಿಯ ಧಾಡ, ತೆಲುಗಿನ ದಾಡಿ ಇದರದೇ ಬಳಗ. ಧಾಟಿ ಎಂಬ ರೂಪ ಕನ್ನಡದಲ್ಲಿ ಇವತ್ತೂ ಬದುಕಿದೆ, ಆದರೆ ‘ಹಾಡಿನ ಧಾಟಿ’, ‘ಮಾತಿನ ಧಾಟಿ’ ಎಂದು ಬೇರೆಯೇ ಅರ್ಥದಲ್ಲಿ. ದಾಳಿಯ ತಿರುಳು ವೇಗ. ಇದ್ದಕ್ಕಿದ್ದ ಹಾಗೆ ಬರುವುದು, ಹೊಡೆಯುವುದು ಅಥವಾ ದೋಚುವುದು, ಹೋಗುವುದು. ಅಲ್ಲೇ ಬಿಡಾರ ಹೂಡಿದರೆ ಅದು ದಾಳಿಯಲ್ಲ.

ಬಿಡಾರ ಹೂಡುವುದಕ್ಕೆ ‘ಆಕ್ರಮಣ’ ಇದೆ. ಅದರ ಮೂಲದಲ್ಲಿ ಇರುವುದು ‘ಕ್ರಮ್’, ಅಂದರೆ ಹೆಜ್ಜೆ ಇಡುವುದು. ಬೇರೆಯವರ ನೆಲದ ಮೇಲೆ ಕಾಲಿಟ್ಟು ಊರಿ ನಿಲ್ಲುವುದು ಆಕ್ರಮಣ, ಗೆರೆ ದಾಟಿ ಹೆಜ್ಜೆ ಇಡುವುದು ಅತಿಕ್ರಮಣ. ಅದೇ ಬೇರಿನಿಂದ ಪರಾಕ್ರಮವೂ ವಿಕ್ರಮವೂ ಹುಟ್ಟಿವೆ. ಹೆಜ್ಜೆ ಅದೇ, ಇಟ್ಟವರು ಯಾರು ಎಂಬುದರ ಮೇಲೆ ಹೆಸರು ಬದಲಾಗಿದೆ. ‘ಪಾಕ್ ಆಕ್ರಮಿತ ಕಾಶ್ಮೀರ’ ಎನ್ನುವಾಗ ‘ಆಕ್ರಮಿತ’ ಎಂದರೆ ವಶದಲ್ಲಿರುವ ಎಂದರ್ಥ. ಅಲ್ಲಿ ‘ದಾಳಿಗೊಳಗಾದ ಕಾಶ್ಮೀರ’ ಎಂದರೆ ಅರ್ಥವೇ ಬೇರೆ. ಕಾಡಿಗೆ ಬಂದು ತಳವೂರಿ ಉಳಿದೆಲ್ಲವನ್ನೂ ಮುಚ್ಚಿಹಾಕುವ ಲಂಟಾನವನ್ನು ‘ಆಕ್ರಮಣಕಾರಿ ಸಸ್ಯ’ ಎನ್ನುವುದು ಅದಕ್ಕೇ ಸರಿ. ಅದು ಬಂದು ಹೋಗುವುದಲ್ಲ, ಬಂದು ನಿಲ್ಲುವುದು. ಇದಕ್ಕೆ ತಿರುಗಾಮುರುಗಾ, 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಗುರುತಿಸಲಾದ ಫಾಲ್ ಸೈನಿಕ ಹುಳುವಿಗೆ ನಾವು ಮೊದಲು ಬಳಸಿದ್ದು ‘ದಾಳಿ’. ಅದು ಬಂದು ಹೋಗಲಿಲ್ಲ, ಇಲ್ಲೇ ಉಳಿಯಿತು. ಹೊಲದಲ್ಲಿ ನಿಂತ ರೈತ ಈ ಎರಡೂ ಪದದ ಗೊಡವೆಗೆ ಹೋಗುವುದಿಲ್ಲ. ‘ಹುಳ ಬಿದ್ದಿದೆ’ ಎನ್ನುತ್ತಾನೆ, ಅಷ್ಟೇ.

ಲಗ್ಗೆ, ಮುತ್ತಿಗೆ ಇವೂ ಯುದ್ಧದ ಪದಗಳೇ. ಕೋಟೆಗೆ ಏಣಿ ಹಾಕಿ ಹತ್ತುವುದು ಲಗ್ಗೆ, ಸುತ್ತುವರಿದು ಕೂರುವುದು ಮುತ್ತಿಗೆ. ಕೋಟೆಗಳು ಹೋದಮೇಲೆ ಇವು ನಿರುದ್ಯೋಗಿಗಳಾಗಲಿಲ್ಲ. ಮಾವು ಮಾರುಕಟ್ಟೆಗೆ ಲಗ್ಗೆ ಇಡುತ್ತದೆ, ತಂಡ ಸೆಮಿಫೈನಲ್‌ಗೆ ಲಗ್ಗೆ ಇಡುತ್ತದೆ, ರೈತ ಸಂಘದವರು ತಾಲ್ಲೂಕು ಕಚೇರಿಗೆ ಮುತ್ತಿಗೆ ಹಾಕುತ್ತಾರೆ. ಕುತೂಹಲದ ಸಂಗತಿ ಎಂದರೆ ಲಗ್ಗೆಕೋರ, ಮುತ್ತಿಗೆಕೋರ ಎಂಬ ಪದಗಳು ಹುಟ್ಟಲೇ ಇಲ್ಲ. ಆ ಕೆಲಸಗಳನ್ನು ಮಾಡಿದವರನ್ನು ಹಳಿಯುವ ಅಗತ್ಯ ನಮಗೆ ಬೀಳಲಿಲ್ಲವೋ ಏನೋ.

ಹಳೆಯ ವೀರಗಲ್ಲುಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಅಲ್ಲಿ ದಾಳಿಗೆ ಒಟ್ಟಾರೆ ಹೆಸರಿಗಿಂತ ಏನು ನಡೆಯಿತು ಎಂಬ ಹೆಸರೇ ಹೆಚ್ಚು. ದನ ಹೊಡೆದುಕೊಂಡು ಹೋದರೆ ತುರುಗೋಳ್. ಊರನ್ನೇ ಹಾಳುಗೆಡವಿದರೆ ಊರಳಿವು. ಹೆಣ್ಣಿನ ಮೊರೆಗೆ ಓಡಿಹೋಗಿ ಕಾದಿದರೆ ಪೆಣ್ಬುಯ್ಯಲ್. ಎಷ್ಟೋ ಕಲ್ಲುಗಳಲ್ಲಿ ‘ತುರುವಂ ಮಗುಳ್ಚಿ’, ಅಂದರೆ ದನಗಳನ್ನು ಮರಳಿಸಿ, ಸತ್ತವನ ಹೆಸರಿದೆ. ಅಪಹರಿಸಿದವರು ಬರೀ ‘ಕಳ್ಳರು’. ಒಂದು ಸಾಲಿನ ಜಾಗದಲ್ಲಿ ಕೆತ್ತುವವನಿಗೆ ಯಾವ ಮಾಹಿತಿ ಬೇಕು, ಯಾವುದು ಬೇಡ ಎಂಬುದು ಸ್ಪಷ್ಟವಾಗಿತ್ತು. ಇಂದಿನ ಶೀರ್ಷಿಕೆ ಬರೆಯುವವರಿಗೆ ಕಲ್ಲುಕುಟಿಗರು ಒಳ್ಳೆಯ ಮೇಷ್ಟ್ರಾದಾರು.

ಈಗ ಠಾಣೆ ಮತ್ತು ನ್ಯಾಯಾಲಯಕ್ಕೆ ಬರೋಣ. ಪದ ತಪ್ಪಿದರೆ ನಿಜಕ್ಕೂ ನಷ್ಟವಾಗುವುದು ಅಲ್ಲಿ. ಕಾನೂನಿನ ಕನ್ನಡದಲ್ಲಿ ‘ಅಸಾಲ್ಟ್’ಗೆ ಬಳಸುವ ಪದ ಹಲ್ಲೆ. ನಮ್ಮ ಮಾತಿನಲ್ಲಿ ಹಲ್ಲೆ ಎಂದರೆ ಹೊಡೆತ ಬಿದ್ದಿರಲೇಬೇಕು. ಕಾನೂನಿನಲ್ಲಿ ಹಾಗಲ್ಲ. 1860ರ ದಂಡ ಸಂಹಿತೆಯ 351ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 130ನೇ ಸೆಕ್ಷನ್ ಹೇಳುವುದು ಇದು: ಎದುರಿಗಿರುವವನಿಗೆ ಈಗಲೇ ತನ್ನ ಮೇಲೆ ಬಲಪ್ರಯೋಗ ಆಗಲಿದೆ ಎಂಬ ಭಯ ಹುಟ್ಟುವಂತೆ ಸನ್ನೆಯನ್ನೋ ಸಿದ್ಧತೆಯನ್ನೋ ಮಾಡಿದರೆ ಸಾಕು, ಅದು ಹಲ್ಲೆ. ಸೆಕ್ಷನ್ ಕೊಡುವ ಉದಾಹರಣೆಗಳು ಸ್ವಾರಸ್ಯವಾಗಿವೆ. ಮುಷ್ಟಿ ಬಿಗಿದು ಝಳಪಿಸುವುದು. ಕಚ್ಚುವ ನಾಯಿಯ ಬಾಯಿಕುಕ್ಕೆ ಬಿಚ್ಚತೊಡಗುವುದು. ಕೋಲು ಎತ್ತಿಕೊಂಡು ‘ನಿನಗೆ ಬಾರಿಸುತ್ತೇನೆ’ ಎನ್ನುವುದು. ಮೂರರಲ್ಲೂ ಒಂದು ಏಟೂ ಬಿದ್ದಿಲ್ಲ. ಬರೀ ಮಾತು ಮಾತ್ರ ಹಲ್ಲೆಯಾಗದು, ಆದರೆ ಆಡಿದ ಮಾತು ಸನ್ನೆಗೆ ಅರ್ಥ ಕೊಟ್ಟು ಅದನ್ನು ಹಲ್ಲೆಯಾಗಿಸಬಹುದು.

ಇದಕ್ಕೆ ಕನ್ನಡದ ಆಡುಮಾತಿನಲ್ಲಿ ಹಲ್ಲೆಗಿಂತ ನಿಖರವಾದ ಪದಗಳಿವೆ. ‘ಹೊಡೆಯೋಕೆ ಬಂದ’, ‘ಮೈಮೇಲೆ ಏರಿ ಬಂದ’, ‘ಕೈ ಎತ್ತಿದ’. ಇವು ಮೂರೂ ಏಟು ಬೀಳದ ಹಲ್ಲೆಗಳು. ‘ಕೈ ಮಾಡಿದ’ ಎಂದರೆ ಬಿದ್ದಾಯಿತು. ಕೈ ಎತ್ತುವುದಕ್ಕೂ ಕೈ ಮಾಡುವುದಕ್ಕೂ ನಡುವೆ ಎರಡು ಬೇರೆ ಬೇರೆ ಸೆಕ್ಷನ್‌ಗಳ ಅಂತರ ಇದೆ. ಬರೀ ಹಲ್ಲೆಗೆ ನ್ಯಾಯ ಸಂಹಿತೆಯ 131ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋವುಂಟುಮಾಡಿದ್ದರೆ 115(2) ಪ್ರಕಾರ 1 ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಠಾಣೆಯಲ್ಲಿ ಕೊಡುವ ದೂರುಗಳ ಭಾಷೆ ನಿಮಗೆಲ್ಲ ಗೊತ್ತು. ‘ನನ್ನನ್ನು ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು, ಜೀವ ಬೆದರಿಕೆ ಹಾಕಿರುತ್ತಾರೆ.’ ಎಲ್ಲ ದೂರುಗಳೂ ಒಂದೇ ತರ ಯಾಕಿರುತ್ತವೆ ಎಂದು ನಗುವವರುಂಟು. ಆ ಸಾಲು ಸುಮ್ಮನೆ ಹುಟ್ಟಿದ್ದಲ್ಲ. ನ್ಯಾಯ ಸಂಹಿತೆಯಲ್ಲಿ ಅಡ್ಡಗಟ್ಟುವುದು 126(2), ಬೈಗುಳ 352, ಹೊಡೆತ 115(2), ಬೆದರಿಕೆ 351. ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಂದೇ ಉದ್ದೇಶದಿಂದ ಮಾಡಿದರೆ ಕೊನೆಗೆ 3(5). ಒಂದೊಂದು ತುಂಡು ವಾಕ್ಯವೂ ಒಂದೊಂದು ಸೆಕ್ಷನ್ನಿನ ಗೂಟ. ದೋಷ ಇರುವುದು ಬೇರೆ ಕಡೆ: ನಡೆಯದಿದ್ದ ತುಂಡನ್ನೂ ರೂಢಿಯಿಂದ ಸೇರಿಸಿಬಿಡುವುದು. ಒದೆಯದವನು ಒದ್ದನೆಂದು ಬರೆದರೆ, ಮುಂದೆ ಪಾಟೀಸವಾಲಿನಲ್ಲಿ ಆ ಒಂದು ಸುಳ್ಳು ಉಳಿದ ನಾಲ್ಕು ನಿಜಗಳನ್ನು ಕೆಳಗೆಳೆಯುತ್ತದೆ.

ಹೀಗಾಗಿ ದೂರಿನಲ್ಲಿ ‘ದಾಳಿಕೋರರು ನನ್ನ ಮೇಲೆ ದಾಳಿ ಮಾಡಿದರು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಎಷ್ಟು ಜನ, ಗೊತ್ತಿರುವವರೋ ಅಲ್ಲವೋ, ಕೈಯಲ್ಲಿ ಏನಿತ್ತು, ಯಾವ ಕೈ, ಏಟು ಮೈಯ ಯಾವ ಭಾಗಕ್ಕೆ ಬಿತ್ತು, ಎಷ್ಟು ಏಟು, ಎಷ್ಟು ಹೊತ್ತಿಗೆ, ಬೆಳಕು ಎಲ್ಲಿಂದ ಬರುತ್ತಿತ್ತು. ‘ಒಬ್ಬನು ಬಲಗೈಯಲ್ಲಿದ್ದ ಕಬ್ಬಿಣದ ರಾಡ್‌ನಿಂದ ನನ್ನ ಎಡ ಮುಂಗೈಗೆ ಎರಡು ಸಲ ಹೊಡೆದನು’ ಎಂಬ ವಾಕ್ಯದಲ್ಲಿ ದಾಳಿಯೂ ಇಲ್ಲ, ಕೋರನೂ ಇಲ್ಲ, ಆದರೆ ಪ್ರಕರಣ ಇದೆ. ರಾಡ್, ಮಚ್ಚು, ಚಾಕು ಬಂದ ಕೂಡಲೇ ಸೆಕ್ಷನ್ 118ಕ್ಕೆ ಜಿಗಿಯುತ್ತದೆ. ಮುಂಗೈ ಮೂಳೆ ಮುರಿದಿದ್ದರೆ ಅದು ತೀವ್ರ ಸ್ವರೂಪದ ಗಾಯ. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಕಿವಿ ಶಾಶ್ವತವಾಗಿ ಹೋಗುವುದು, ಹೀಗೆ ಒಟ್ಟು 8 ಬಗೆಗಳನ್ನು 116ನೇ ಸೆಕ್ಷನ್ ಎಣಿಸುತ್ತದೆ. ಎಂಟನೆಯದರಲ್ಲಿ ಒಂದು ಅಳತೆ ಇದೆ: ಗಾಯಾಳು 15 ದಿನ ತೀವ್ರ ನೋವಿನಲ್ಲಿರಬೇಕು ಅಥವಾ ತನ್ನ ನಿತ್ಯದ ಕೆಲಸ ಮಾಡಲಾಗದೆ ಇರಬೇಕು. ಹಳೆಯ ಸಂಹಿತೆಯಲ್ಲಿ ಇದು 20 ದಿನ ಇತ್ತು. ಪತ್ರಿಕೆಯ ‘ಗಂಭೀರ ಗಾಯ’ಕ್ಕೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಒಂದು ಎಚ್ಚರಿಕೆ. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಯಾದ ಮೇಲೆ ಸಂಖ್ಯೆಗಳು ಕಲಸಿಹೋಗಿವೆ. ಹಳೆಯ 351 ಹಲ್ಲೆ, ಹೊಸ 351 ಬೆದರಿಕೆ. ಹಳೆಯ 352 ಹಲ್ಲೆಗೆ ಶಿಕ್ಷೆ, ಹೊಸ 352 ಶಾಂತಿ ಕದಡಲು ಕೆಣಕುವ ಅವಮಾನ. ಅಭ್ಯಾಸಬಲದಿಂದ ‘351ನೇ ಸೆಕ್ಷನ್ ಅಡಿ ಹಲ್ಲೆ ಪ್ರಕರಣ’ ಎಂದು ಬರೆದರೆ ತಪ್ಪು ಓದುಗರಿಗೆ ಗೊತ್ತಾಗುವುದಿಲ್ಲ, ವಕೀಲರಿಗೆ ಗೊತ್ತಾಗುತ್ತದೆ. ಜೊತೆಗೆ, ಜುಲೈ 1ಕ್ಕೆ ಮೊದಲು ನಡೆದ ಘಟನೆಗೆ ಹಳೆಯ ಸಂಖ್ಯೆಯೇ ಅನ್ವಯ.

ಕಾನೂನಿನಲ್ಲಿ ದಾಳಿಕೋರ ಎಂಬ ವ್ಯಕ್ತಿ ನಿಜವಾಗಿ ಕಾಣಿಸಿಕೊಳ್ಳುವುದು ಆತ್ಮರಕ್ಷಣೆಯ ಹಕ್ಕಿನಲ್ಲಿ. ಸಂಹಿತೆಯ 38ನೇ ಸೆಕ್ಷನ್ನಿನ ಇಂಗ್ಲಿಷ್ ಪಾಠದಲ್ಲಿ ‘ಅಸೈಲೆಂಟ್’ ಎಂಬ ಪದವೇ ಇದೆ. ಸಾವಿಗೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಹುದೆಂಬ ಸಕಾರಣವಾದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರದ ಉದ್ದೇಶದ ಹಲ್ಲೆ, ಆಸಿಡ್ ಎರಚುವುದು ಮುಂತಾದ 7 ಸಂದರ್ಭಗಳಲ್ಲಿ ದಾಳಿಕೋರನ ಸಾವಿಗೆ ಕಾರಣವಾದರೂ ಅದು ಹಕ್ಕಿನೊಳಗೇ ಬರುತ್ತದೆ. ಆದರೆ ಈ ದಾಳಿಕೋರತನಕ್ಕೆ ಗಡಿಯಾರ ಕಟ್ಟಿದೆ. ಹಕ್ಕು ಶುರುವಾಗುವುದು ಅಪಾಯದ ಸಕಾರಣ ಭಯ ಹುಟ್ಟಿದಾಗ, ಮುಗಿಯುವುದು ಆ ಭಯ ಮುಗಿದಾಗ. ಮಚ್ಚು ಬೀಸಿದವನು ಮಚ್ಚು ಬಿಸಾಡಿ ಬೆನ್ನು ತಿರುಗಿಸಿ ಓಡಿದ ಕ್ಷಣ ಅವನು ಕಾನೂನಿನ ಅರ್ಥದಲ್ಲಿ ದಾಳಿಕೋರನಾಗಿ ಉಳಿಯುವುದಿಲ್ಲ. ಅಟ್ಟಿಸಿಕೊಂಡು ಹೋಗಿ ಕಂಬಕ್ಕೆ ಕಟ್ಟಿ ಹೊಡೆದರೆ, ಹೊಡೆದವರು ಈಗ ದಾಳಿಕೋರರು. ಕಳ್ಳ ಎಂದು ಹಿಡಿದು ಊರವರೆಲ್ಲ ಸೇರಿ ಬಡಿದ ಪ್ರಕರಣಗಳಲ್ಲಿ ಆಗುವುದು ಇದೇ. ‘ಕೋರ’ ಪ್ರತ್ಯಯ ಒಬ್ಬನ ಹಣೆಬರಹ ಎಂಬಂತೆ ಕಂಡರೆ, ಕಾನೂನಿಗೆ ಅದು ಕೆಲವು ಕ್ಷಣಗಳ ಪಾತ್ರ.

ಹಾಗಾದರೆ ಬರೆಯುವಾಗ ಏನು ಮಾಡಬೇಕು? ಕನ್ನಡದಲ್ಲಿ ಇದಕ್ಕೆ ಅತ್ಯಂತ ಹದವಾದ ಸಲಕರಣೆ ಹಿಂದಿನಿಂದಲೂ ಇದೆ. ಕ್ರಿಯಾಪದಕ್ಕೆ ‘ಅವನು, ಅವಳು, ಅವರು’ ಸೇರಿಸುವುದು. ಹೊಡೆದವನು, ಇರಿದವಳು, ಕಲ್ಲೆಸೆದವರು, ಆಸಿಡ್ ಎರಚಿದವನು. ಈ ಒಂದು ಪದದಲ್ಲಿ ಕೆಲಸ ಏನು, ಅದು ಆಗಿಹೋಯಿತೋ ಆಗುತ್ತಿದೆಯೋ, ಮಾಡಿದ್ದು ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಎಲ್ಲ ಇದೆ. ‘ಹೊಡೆದವನು’ ಎಂದರೆ ಆ ಸಲ ಹೊಡೆದವನು, ‘ಹೊಡೆಯುವವನು’ ಎಂದರೆ ರೂಢಿಯಲ್ಲಿ ಹೊಡೆಯುವವನು. ದಾಳಿಕೋರ ಎಂಬ ಪದ ಬೆರೆಸಿಬಿಟ್ಟ ವ್ಯತ್ಯಾಸವನ್ನು ಒಂದು ‘ದ’, ಒಂದು ‘ವ’ ಬಿಡಿಸಿಕೊಡುತ್ತವೆ. ‘ಆಸಿಡ್ ದಾಳಿಗೆ ತುತ್ತಾದ ಯುವತಿ’ ಎಂಬ ರೂಢಿಯ ವಾಕ್ಯದಲ್ಲಿ ಮಾಡಿದವನು ಮಾಯವಾಗಿದ್ದಾನೆ. ‘ಯುವತಿಯ ಮೇಲೆ ಆಸಿಡ್ ಎರಚಿದವನು’ ಎಂದಾಗ ವಾಕ್ಯದ ಕರ್ತೃ ವಾಕ್ಯಕ್ಕೆ ಮರಳುತ್ತಾನೆ.

(‘ತುತ್ತಾದ’ ಎನ್ನುವಾಗ ಒಂದು ತಮಾಷೆ ನೆನಪಾಗುತ್ತದೆ. ದಾಳಿಕೋರ ವ್ಯುತ್ಪತ್ತಿಯಲ್ಲಿ ತಿನ್ನುವವನು, ಸಿಕ್ಕವನು ಅವನ ತುತ್ತು. ಸರಿಹೋಯಿತು. ಆದರೆ ಏಟು ‘ತಿನ್ನುವುದು’ ಯಾರು? ಸಿಕ್ಕವನೇ. ಈ ಊಟದಲ್ಲಿ ಯಾರು ಯಾರನ್ನು ತಿಂದರು ಎಂಬುದು ಕನ್ನಡಕ್ಕೇ ಸ್ಪಷ್ಟವಿಲ್ಲ.)

ಇನ್ನು ಘಟನೆ ಮುಂದೆ ಸಾಗಿದಂತೆ ಪದವೂ ಸಾಗಬೇಕು. ಯಾರೆಂದು ಗೊತ್ತಿಲ್ಲದಾಗ ‘ಹಲ್ಲೆ ನಡೆಸಿದವರು’ ಸಾಕು. ‘ದುಷ್ಕರ್ಮಿಗಳು’, ‘ಕಿಡಿಗೇಡಿಗಳು’ ಎಂಬ ಎರಡು ಪದಗಳು ಸುದ್ದಿಮನೆಯಲ್ಲಿ ಉಪ್ಪಿನ ಹಾಗೆ ಬಳಕೆಯಾಗುತ್ತವೆ. ಅವು ಮಾಹಿತಿಯಲ್ಲ, ಬೈಗುಳ. ಪ್ರಕರಣ ದಾಖಲಾಗಿ ಹೆಸರು ಬಂದಮೇಲೆ ಆರೋಪಿ. ನ್ಯಾಯಾಲಯ ತೀರ್ಪು ಕೊಟ್ಟಮೇಲೆ ಅಪರಾಧಿ ಅಥವಾ ಖುಲಾಸೆಯಾದವರು. ‘ಹಲ್ಲೆಕೋರ ಆರೋಪಿಯ ಬಂಧನ’ ಎಂಬಲ್ಲಿ ಮೊದಲ ಪದ ತೀರ್ಪು ಕೊಟ್ಟಾಗಿದೆ, ಎರಡನೆಯದು ವಿಚಾರಣೆಗೆ ಕಾಯುತ್ತಿದೆ. ಎರಡು ಒಟ್ಟಿಗೆ ಕೂರಲಾರವು.

ವಿಭಕ್ತಿಯ ತೊಡಕೂ ಒಂದಿದೆ, ಶೀರ್ಷಿಕೆ ಬರೆಯುವವರಿಗೆ ನಿತ್ಯದ ತಲೆನೋವು. ‘ದಾಳಿಕೋರರ ಹತ್ಯೆ’ ಎಂದರೆ ದಾಳಿಕೋರರು ಸತ್ತರೋ, ದಾಳಿಕೋರರು ಕೊಂದರೋ? ‘ಅರ’ ಎರಡಕ್ಕೂ ಬಾಗಿಲು ತೆರೆದಿಡುತ್ತದೆ. ‘ಪೊಲೀಸರ ದಾಳಿ’ಯಲ್ಲಿ ಪೊಲೀಸರು ಮಾಡಿದವರು, ‘ಪೊಲೀಸರ ಹತ್ಯೆ’ಯಲ್ಲಿ ಪೊಲೀಸರು ಸತ್ತವರು. ನಾವು ಲೋಕಜ್ಞಾನದಿಂದ ಸರಿಯಾಗಿ ಓದಿಕೊಳ್ಳುತ್ತೇವೆ, ವ್ಯಾಕರಣದಿಂದಲ್ಲ. ಜಾಗ ಉಳಿಸಲು ‘ಮೇಲೆ’ಯನ್ನು ಕಿತ್ತರೆ ‘ವೈದ್ಯರ ಹಲ್ಲೆ’ ಆಗುತ್ತದೆ, ಪಾಪದ ವೈದ್ಯರೇ ಹೊಡೆದಂತೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆಯೊಂದಿದೆ. ಅದನ್ನು ಕುರಿತ ಸುದ್ದಿಯಲ್ಲೇ ಈ ಅನರ್ಥ ಆಗಬಾರದು. ಎರಡಕ್ಷರದ ‘ಮೇಲೆ’ಗೆ ಅಷ್ಟು ಜಾಗ ಕೊಡಬೇಕು.

ಸೈಬರ್ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಯಾರೋ ಬ್ಯಾಂಕಿನವರೆಂದು ಫೋನ್ ಮಾಡಿ ಒಟಿಪಿ ಕೇಳಿದರು, ನಾವು ಕೊಟ್ಟೆವು, ಹಣ ಹೋಯಿತು. ಇದನ್ನು ‘ಖಾತೆ ಹ್ಯಾಕ್ ಆಗಿದೆ, ಸೈಬರ್ ದಾಳಿ ಆಗಿದೆ’ ಎಂದು ಹೇಳುವುದು ರೂಢಿ. ಅಲ್ಲಿ ದಾಳಿ ನಡೆದಿಲ್ಲ, ಬೀಗ ಒಡೆದಿಲ್ಲ. ಬೀಗದ ಕೈಯನ್ನು ನಯವಾಗಿ ಇಸಿದುಕೊಂಡಿದ್ದಾರೆ. ಅದು ವಂಚನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಬೇರೊಬ್ಬರಂತೆ ನಟಿಸಿ ಮಾಡುವ ವಂಚನೆಗೆ 66ಡಿ ಎಂದು ಪ್ರತ್ಯೇಕ ಸೆಕ್ಷನ್ ಇದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ ‘ದಾಳಿ’ಯ ವರ್ಣನೆಯಿಂದ ಪ್ರಯೋಜನವಿಲ್ಲ. ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಬ್ಯಾಂಕಿನ ಯಾವ ಖಾತೆಯಿಂದ, ಯುಪಿಐ ಆದರೆ 12 ಅಂಕಿಯ ವಹಿವಾಟು ಸಂಖ್ಯೆ. ಇವು ಇದ್ದರೆ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಸಾಧ್ಯತೆ ಇದೆ. ಸಂಸ್ಥೆಯೊಂದರ ಸರ್ವರ್‌ಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದರೆ ಅದು ದಾಳಿ, ಅಲ್ಲಿ ದಾಳಿಕೋರ ಸರಿಯಾದ ಪದ. ಅಂಥದ್ದನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳು.

ಆನೆ, ಚಿರತೆಗಳಿಗೆ ದಾಳಿಕೋರ ಎನ್ನಬಹುದೇ? ‘ಆನೆ ದಾಳಿ’ ಸರಿ, ‘ದಾಳಿಕೋರ ಆನೆ’ ಎಂದು ವಿಶೇಷಣವಾಗಿ ಬಳಸಿದರೂ ವ್ಯಾಕರಣ ತಡೆಯದು. ಆದರೆ ‘ದಾಳಿಕೋರರು’ ಎಂಬ ಬಹುವಚನ ಮನುಷ್ಯರಿಗೆ ಮೀಸಲು. ಅದೂ ಅಲ್ಲದೆ ‘ಕೋರ’ಕ್ಕೆ ಬೇಕಾದ ದುರುದ್ದೇಶ ಪ್ರಾಣಿಗೆ ಎಲ್ಲಿಂದ ಬರಬೇಕು? ಮಲೆನಾಡು, ಕೊಡಗಿನ ಕಡೆ ‘ಪುಂಡಾನೆ’ ಎನ್ನುತ್ತಾರೆ. ಎತ್ತು ಹಾಯುತ್ತದೆ, ನಾಯಿ ಕಚ್ಚುತ್ತದೆ, ಆನೆ ತುಳಿಯುತ್ತದೆ, ಹಾವು ಕಡಿಯುತ್ತದೆ. ಪ್ರಾಣಿಗೊಂದು ಕ್ರಿಯಾಪದ ಇರುವ ಭಾಷೆಯಲ್ಲಿ ಎಲ್ಲಕ್ಕೂ ದಾಳಿ ಎನ್ನುವುದು ಸೋಮಾರಿತನ. ‘ಹಾಯುವ ಎತ್ತು’ ಎಂದರೆ ಸಂತೆಯಲ್ಲಿ ಕೊಳ್ಳುವವನಿಗೆ ಎಷ್ಟು ದೂರ ನಿಲ್ಲಬೇಕೆಂದು ತಿಳಿಯುತ್ತದೆ.

ಎರಡನೆಯದು ಕಬಡ್ಡಿಯ ಬಗ್ಗೆ, ಕೇಳಿದವರು ದೈಹಿಕ ಶಿಕ್ಷಣದ ಶಿಕ್ಷಕಿ. ರೈಡರ್‌ಗೆ ಕನ್ನಡದಲ್ಲಿ ಏನೆನ್ನಬೇಕು? ಕೆಲವರು ದಾಳಿಕೋರ ಎನ್ನುತ್ತಾರೆ, ಕೆಲವರು ದಾಳಿಗಾರ ಎನ್ನುತ್ತಾರೆ. ನನ್ನ ಮತ ದಾಳಿಗಾರನಿಗೆ. ನಡುಗೆರೆಯಿಂದ (ಪುರುಷರ ಅಂಕಣದಲ್ಲಿ) 3.75 ಮೀಟರ್ ಆಚೆಯ ಬಾಕ್ ಲೈನ್ ದಾಟಿ, 30 ಸೆಕೆಂಡಿನೊಳಗೆ ಏಳು ಜನರ ನಡುವೆ ಮುಟ್ಟಿ, ಉಸಿರು ಬಿಡದೆ ‘ಕಬಡ್ಡಿ’ ಎನ್ನುತ್ತ ವಾಪಸು ಬರುವುದು ಅಪರಾಧವಲ್ಲ, ಕಸುಬು. ಕಸುಬಿಗೆ ‘ಗಾರ’ವೇ ಒಪ್ಪುವುದು. ಇನ್ನೊಂದು ಅನುಕೂಲವೂ ಇದೆ. ‘ಕೋರ’ಕ್ಕೆ ಎಲ್ಲರೂ ಒಪ್ಪಿದ ಸ್ತ್ರೀರೂಪ ಬಳಕೆಯಲ್ಲಿ ನೆಲೆಯಾಗಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಲ್ಲಲು ಸ್ಫೋಟಿಸಿಕೊಂಡವಳು ಹೆಣ್ಣಾಗಿದ್ದಾಗ ನಾವು ‘ಮಾನವ ಬಾಂಬ್’ ಎಂದು ಲಿಂಗವಿಲ್ಲದ ಪದಕ್ಕೆ ಶರಣಾದೆವು. ‘ಗಾರ’ಕ್ಕೆ ಆ ಕಷ್ಟವಿಲ್ಲ. ಹಾಡುಗಾರ್ತಿ ಇರುವ ಹಾಗೆ ದಾಳಿಗಾರ್ತಿ. 2010ರ ಏಷ್ಯನ್ ಕ್ರೀಡಾಕೂಟದಿಂದ ಹೆಣ್ಣುಮಕ್ಕಳ ಕಬಡ್ಡಿಗೂ ಪದಕವಿದೆ. ನಿಮ್ಮ ಶಾಲೆಯ ಅಂಕಪಟ್ಟಿಯಲ್ಲಿ ‘ದಾಳಿಗಾರ್ತಿ’ ಎಂದೇ ಬರೆಯಿರಿ ಮೇಡಂ, ಯಾರಾದರೂ ಕೇಳಿದರೆ ಬಳೆಗಾರ್ತಿಯನ್ನು ತೋರಿಸಿ.